ಮೊದಲು ತಕ್ಕಡಿ, ಆಮೇಲೆ ಕತ್ತರಿ!

‘ಹೊಟ್ಟೆ ತೆಗೆಸಿಬಿಟ್ರೆ ತೂಕಾನೂ ಹೋಯ್ತು’ ಎಂದು ನಂಬಿರುವ ತಾರೆಯರಿಗೂ, ತಾರೆಯರನ್ನು ನೋಡಿ ಆಸೆಪಡುವ ಅಭಿಮಾನಿಗಳಿಗೂ ನಾಲ್ಕು ಬಿಚ್ಚು ಮಾತು.

ನಿನ್ನೆ ಮೊನ್ನೆಯವರೆಗೆ ಬರೀ ಕ್ಲೋಸಪ್‌ನಲ್ಲೇ ಕಾಣುತ್ತಿದ್ದ ನಾಯಕಿ ಇದ್ದಕ್ಕಿದ್ದಂತೆ ಲಾಂಗ್‌ಶಾಟ್‌ನಲ್ಲಿ, ಅದೂ ಸೊಂಟ ಕಾಣುವಂತೆ ಸೀರೆ ಉಟ್ಟು ಬಂದು ನಿಂತಳೆನ್ನಿ. ಥಿಯೇಟರಿನ ಮುಂದಿನ ಸಾಲಿನಿಂದ ಒಂದೇ ಪ್ರಶ್ನೆ – ‘ಹೊಟ್ಟೆ ಎಲ್ಲೋಯ್ತು ಗುರೂ?’ ಒಬ್ಬ ‘ಜಿಮ್ಮು’ ಅಂತಾನೆ. ಪಕ್ಕದವನು ‘ಇಲ್ಲ ಕಣೋ, ಆಪರೇಷನ್ನು’ ಅಂತಾನೆ. ಇಂಟರ್‌ವಲ್‌ನಲ್ಲಿ ಕಡ್ಲೆಕಾಯಿ ಸಿಪ್ಪೆ ಬಿಡಿಸುತ್ತಾ ಚರ್ಚೆ ಮುಂದುವರಿಯುತ್ತದೆ. ತೀರ್ಪು ಮಾತ್ರ ಬರುವುದಿಲ್ಲ!

ಗಾಂಧಿನಗರದಲ್ಲೂ ಇದೇ ಚರ್ಚೆ. ಧಾರಾವಾಹಿಯ ಹುಡುಗಿಯರಿಂದ ಹಿಡಿದು ಮದುವೆಯಾಗಿ, ಮಕ್ಕಳಾಗಿ, ಎರಡನೇ ಇನಿಂಗ್ಸ್‌ಗೆ ಕಾಯುತ್ತಿರುವ ಮಾಜಿ ನಾಯಕಿಯರವರೆಗೆ ಎಲ್ಲರ ಬಾಯಲ್ಲೂ ಒಂದು ಹೆಸರು ಓಡಾಡುತ್ತಿದೆ – ಟಮ್ಮಿ ಟಕ್. ಡಾಕ್ಟರುಗಳ ಭಾಷೆಯಲ್ಲಿ ಅಬ್ಡಾಮಿನೊಪ್ಲಾಸ್ಟಿ. ನಮ್ಮ ನಿಮ್ಮ ಭಾಷೆಯಲ್ಲಿ ಹೊಟ್ಟೆ ಬಿಗಿ ಮಾಡುವ ಆಪರೇಷನ್.

ಮಾಡಿಸಿಕೊಳ್ಳಬೇಕೋ ಬೇಡವೋ ಎಂಬುದು ಅವರವರ ದೇಹ, ಅವರವರ ದುಡ್ಡು. ಅದರ ಬಗ್ಗೆ ಈ ಲೇಖನದಲ್ಲಿ ಉಪದೇಶವಿಲ್ಲ. ಆದರೆ ಯಾವಾಗ ಮಾಡಿಸಿಕೊಳ್ಳಬೇಕು? ತೂಕ ಇಳಿಸುವ ಮುಂಚೆಯೋ, ಇಳಿಸಿದ ಮೇಲೆಯೋ? ಇಡೀ ಗುಟ್ಟು ಇರುವುದು ಇಲ್ಲೇ ಓದುಗರೇ. ಈ ಕ್ರಮ ತಪ್ಪಿದರೆ ದುಡ್ಡು ಹೋಗುತ್ತದೆ, ಅಂದ ಹೋಗುತ್ತದೆ, ಕೆಲವೊಮ್ಮೆ ಇನ್ನೂ ದೊಡ್ಡದೊಂದು ಹೋಗುತ್ತದೆ.

ಹೊಟ್ಟೆಯೊಳಗೇನಿದೆ ಸ್ವಾಮಿ?

ಹೊಟ್ಟೆ ಎಂದರೆ ಒಂದೇ ಮುದ್ದೆಯಲ್ಲ. ಮೇಲೆ ಚರ್ಮ. ಅದರ ಕೆಳಗೆ ಕೈಯಲ್ಲಿ ಹಿಡಿದರೆ ಸಿಗುವ ಮೆತ್ತನೆ ಕೊಬ್ಬು. ಅದರ ಕೆಳಗೆ ಪಕ್ಕೆಲುಬಿನಿಂದ ಕೆಳಹೊಟ್ಟೆಯವರೆಗೆ ಉದ್ದಕ್ಕೆ ಇಳಿಯುವ ಎರಡು ಸ್ನಾಯುಗಳು, ಬಾಗಿಲಿನ ಎರಡು ಕದಗಳ ಹಾಗೆ. ಆ ಕದಗಳ ಹಿಂದೆ ಕರುಳು, ಯಕೃತ್ತು. ಅವುಗಳ ಸುತ್ತಮುತ್ತ ಇನ್ನೊಂದು ಜಾತಿಯ ಕೊಬ್ಬು.

ಟಮ್ಮಿ ಟಕ್ ಮಾಡುವ ಸರ್ಜನ್ ಕೆಳಹೊಟ್ಟೆಯಲ್ಲಿ ಈ ಸೊಂಟದ ಮೂಳೆಯಿಂದ ಆ ಸೊಂಟದ ಮೂಳೆಯವರೆಗೆ ಕೊಯ್ಯುತ್ತಾರೆ. ಚರ್ಮ ಮತ್ತು ಕೊಬ್ಬಿನ ಪದರವನ್ನು ಪಕ್ಕೆಲುಬಿನವರೆಗೂ ಎತ್ತುತ್ತಾರೆ. ಬಸಿರಿನಲ್ಲೋ ಬೊಜ್ಜಿನಲ್ಲೋ ದೂರ ಸರಿದ ಎರಡು ಸ್ನಾಯುಗಳನ್ನು ಹತ್ತಿರ ಎಳೆದು ಹೊಲಿಯುತ್ತಾರೆ. ಎತ್ತಿದ ಚರ್ಮವನ್ನು ಕೆಳಗೆಳೆದು, ಹೆಚ್ಚಾದದ್ದನ್ನು ಕತ್ತರಿಸಿ, ಹೊಕ್ಕುಳಿಗೆ ಹೊಸ ಕಿಂಡಿ ಮಾಡಿ ಹೊಲಿಗೆ ಹಾಕುತ್ತಾರೆ. ಪೂರ್ತಿ ಮತ್ತು ಕೊಟ್ಟು, ಎರಡರಿಂದ ನಾಲ್ಕು ಗಂಟೆ ಹಿಡಿಯುವ ದೊಡ್ಡ ಆಪರೇಷನ್ ಇದು. ಬ್ಯೂಟಿ ಪಾರ್ಲರಿನ ಕೆಲಸ ಅಂತ ಯಾರಾದರೂ ಹೇಳಿದರೆ ನಂಬಬೇಡಿ!

ಈಗ ಒಂದು ವಿಷಯ ಗಮನಿಸಿ. ಕದದ ಹಿಂದಿರುವ ಕೊಬ್ಬಿದೆಯಲ್ಲ, ಅಲ್ಲಿಗೆ ಈ ಕತ್ತರಿ ಹೋಗುವುದೇ ಇಲ್ಲ. ನಮ್ಮ ಕೆಲವು ಹಾಸ್ಯನಟರ, ನಿರ್ಮಾಪಕರ ಗಡಿಗೆ ಹೊಟ್ಟೆ ನೋಡಿ. ಮುಟ್ಟಿದರೆ ಗಟ್ಟಿ, ಮಡಿಕೆ ಇಲ್ಲ, ಜೋಲು ಇಲ್ಲ. ಅದರ ಬಹುಪಾಲು ಒಳಗಿನ ಕೊಬ್ಬು. ಅದಕ್ಕೆ ಟಮ್ಮಿ ಟಕ್ ಮದ್ದಲ್ಲ. ಊಟ ಹದಕ್ಕೆ ತಂದು, ಮೈ ದಣಿಸಿಯೇ ಕರಗಿಸಬೇಕು. ಒಳಗೆ ಕೊಬ್ಬು ತುಂಬಿರುವಾಗ ಸ್ನಾಯು ಎಳೆದು ಹೊಲಿದರೆ, ತುಂಬಿದ ಚೀಲದ ಬಾಯಿಗೆ ದಬ್ಬಣ ಹಾಕಿದ ಹಾಗೆ. ಹೊಲಿಗೆ ಮೇಲೂ ಒತ್ತಡ, ಉಸಿರಾಟಕ್ಕೂ ಒತ್ತಡ.

ಟೈಲರ್ ಲೆಕ್ಕ

‘ಡಾಕ್ಟ್ರೇ, ಮೊದ್ಲು ಹೊಟ್ಟೆ ತೆಗೆದ್ಬಿಡಿ. ಆಮೇಲೆ ತೂಕ ನಾನೇ ಇಳಿಸ್ಕೋತೀನಿ.’ ಹೀಗೆ ಯೋಚಿಸುವವರು ಬಹಳ. ಕೇಳೋಕೆ ಚೆನ್ನಾಗಿದೆ. ಹೊಟ್ಟೆ ಹೋದರೆ ಹುರುಪು ಬರುತ್ತದೆ, ಹುರುಪಿನಲ್ಲಿ ತೂಕ ಇಳಿಯುತ್ತದೆ ಎಂಬ ಲೆಕ್ಕ.

ಆದರೆ ಸಿನಿಮಾದವರಿಗೆ ಇದು ತಿಳಿಯದ ವಿಷಯವೇ? ನಿಮ್ಮ ಕಾಸ್ಟ್ಯೂಮರನ್ನೇ ಕೇಳಿ. ಹೀರೋಯಿನ್ ಇನ್ನು 15 ಕಿಲೋ ಇಳಿಸುವವಳಿದ್ದಾಳೆ ಎಂದು ಗೊತ್ತಿದ್ದೂ ಯಾವ ಟೈಲರ್ ಇವತ್ತೇ ರವಿಕೆಯನ್ನು ಮೈಗಂಟುವಂತೆ ಹೊಲಿಯುತ್ತಾನೆ? ಹೊಲಿದರೂ ಆರು ತಿಂಗಳಲ್ಲಿ ಅದು ಗೋಣಿಚೀಲ. ಮತ್ತೆ ಬಿಚ್ಚಬೇಕು, ಮತ್ತೆ ಹೊಲಿಯಬೇಕು. ಬಟ್ಟೆಯಾದರೆ ಬಿಚ್ಚಿ ಹೊಲಿಯಬಹುದು. ಚರ್ಮಕ್ಕೆ ಎಷ್ಟು ಸಲ ಹೊಲಿಗೆ ಹಾಕ್ತೀರಿ?

ದಪ್ಪ ಇರುವಾಗ ಹಿಗ್ಗಿದ ಚರ್ಮ ತೂಕ ಇಳಿದಾಗ ಪೂರ್ತಿ ಕುಗ್ಗುವುದಿಲ್ಲ. ಬಲೂನಿನ ಗಾಳಿ ಬಿಟ್ಟ ಹಾಗೆ ಸುಕ್ಕಾಗಿ ಜೋಲುತ್ತದೆ. ಟಮ್ಮಿ ಟಕ್ ಇರುವುದೇ ಆ ಜೋಲನ್ನು ತೆಗೆಯಲು. ಜೋಲು ಇನ್ನೂ ಬರಬೇಕಾಗಿರುವಾಗಲೇ ಕತ್ತರಿಸಿದರೆ, ಆಮೇಲೆ ಬರುವ ಜೋಲಿಗೆ ಯಾರು ಹೊಣೆ? ಅದೇ ರೀತಿ ಆಪರೇಷನ್ ಆದ ಮೇಲೆ ತೂಕ ಏರಿದರೂ ಕಷ್ಟ. ಬಿಗಿ ಮಾಡಿದ ಚರ್ಮ ಮತ್ತೆ ಹಿಗ್ಗುತ್ತದೆ, ಕಲೆ ಅಗಲವಾಗುತ್ತದೆ. ಎರಡು ಮೂರು ಕಿಲೋ ಹಿಂದೆಮುಂದೆ ಆದರೆ ಪರವಾಗಿಲ್ಲ. ಹತ್ತು ಹದಿನೈದು ಕಿಲೋ ಆದರೆ ಕೆಲಸ ಕೆಟ್ಟಂತೆಯೇ.

ಇನ್ನೊಂದು ಮಾತು. ಟಮ್ಮಿ ಟಕ್‌ನಲ್ಲಿ ಸಾಮಾನ್ಯವಾಗಿ ಹೋಗುವುದು ಕೆಲವೇ ಕಿಲೋ. 1899ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೊವಾರ್ಡ್ ಕೆಲ್ಲಿ ಎಂಬ ಸರ್ಜನ್ ಒಬ್ಬ ಹೆಂಗಸಿನ ಜೋಲುಹೊಟ್ಟೆ ಕತ್ತರಿಸಿ ತೆಗೆದಾಗ ಅದು 7 ಕಿಲೋಗೂ ಹೆಚ್ಚಿತ್ತು. ವೈದ್ಯಲೋಕ ಅದನ್ನು ಇಂದಿಗೂ ನೆನೆಸುತ್ತದೆ. ಮುಂದೆ ಬ್ರೆಜಿಲ್‌ನ ಐವೊ ಪಿಟಾಂಗಿ 300 ಜನರಿಗೆ ಮಾಡಿದ ಇಂಥ ಆಪರೇಷನ್ನುಗಳ ಅನುಭವವನ್ನು 1967ರಲ್ಲಿ ಪ್ರಕಟಿಸಿದ ಮೇಲೆ ಈ ವಿದ್ಯೆ ಜಗತ್ತಿನಲ್ಲೆಲ್ಲ ಹೆಸರಾಯಿತು. ಅಂದಿನಿಂದ ಇಂದಿನವರೆಗೆ ಇದು ಆಕಾರ ತಿದ್ದುವ ಕೆಲಸ. ತೂಕ ಇಳಿಸುವ ಕೆಲಸವನ್ನು ಇದರ ತಲೆಗೆ ಕಟ್ಟಿದವರು ನಾವು!

ಅಮೀರ್ ಖಾನ್ ಶೆಡ್ಯೂಲು

ಶೆಡ್ಯೂಲ್ ಹಾಕುವುದು ಹೇಗೆಂದು ಸಿನಿಮಾದವರಿಗೆ ಹೇಳಿಕೊಡಬೇಕಿಲ್ಲ. 2016ರಲ್ಲಿ ಬಂದ ‘ದಂಗಲ್’ ನೆನಪಿದೆಯಾ? ವಯಸ್ಸಾದ ಪೈಲ್ವಾನನ ಪಾತ್ರಕ್ಕಾಗಿ ಅಮೀರ್ ಖಾನ್ ಸುಮಾರು 97 ಕಿಲೋವರೆಗೆ ಮೈ ಬೆಳೆಸಿದರು. ಅದೇ ಚಿತ್ರದಲ್ಲಿ ಹುರಿಗಟ್ಟಿದ ಹರೆಯದ ಪೈಲ್ವಾನನೂ ಆಗಬೇಕಿತ್ತು. ಕಥೆಯಲ್ಲಿ ಹರೆಯ ಮೊದಲು, ಮುಪ್ಪು ಆಮೇಲೆ. ಚಿತ್ರೀಕರಣದಲ್ಲಿ ಉಲ್ಟಾ! ಹೊಟ್ಟೆ ಹೊತ್ತ ದೃಶ್ಯಗಳನ್ನು ಮೊದಲು ಮುಗಿಸಿ, ತಿಂಗಳುಗಟ್ಟಲೆ ಬಿಡುವು ಮಾಡಿಕೊಂಡು ಇಳಿಸಿ, ಆಮೇಲೆ ಹರೆಯದ ದೃಶ್ಯ ತೆಗೆದರು. ಇಳಿಸಲೇಬೇಕು ಎಂಬ ಹಟ ಉಳಿಯಲಿ ಎಂದೇ ಈ ಕ್ರಮ ಎಂದು ಅಮೀರ್ ಹೇಳಿಕೊಂಡಿದ್ದರು.

ನಮ್ಮವರಲ್ಲೇ ನೋಡಿ. 1983ರ ‘ಕಾಮನಬಿಲ್ಲು’ ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಹಾಕಿದ ಯೋಗಾಸನಗಳನ್ನು ಕಂಡು ಬೆರಗಾಗದವರುಂಟೇ? ಐವತ್ತು ದಾಟಿದ ಹೊಟ್ಟೆ ಬೆನ್ನಿಗಂಟಿತ್ತು! ಅದೊಂದು ತಿಂಗಳ ಕಸರತ್ತಲ್ಲ, ವರ್ಷಗಟ್ಟಲೆಯ ಅಭ್ಯಾಸ. ದೇಹ ಕಾಲ್‌ಶೀಟಿಗೆ ಕುಣಿಯುವುದಿಲ್ಲ. ಅದಕ್ಕೆ ಅದರದ್ದೇ ಪಂಚಾಂಗ.

ಯುಗಾದಿಯಿಂದ ದಸರಾಕ್ಕೆ!

ಹಾಗಾದರೆ ಆ ಪಂಚಾಂಗ ಯಾವುದು? ಉದಾಹರಣೆಗೆ ಒಬ್ಬ ಪೋಷಕ ನಟಿಯನ್ನು ಊಹಿಸಿಕೊಳ್ಳಿ. ಎರಡು ಮಕ್ಕಳ ತಾಯಿ. ಎತ್ತರ 158 ಸೆಂಟಿಮೀಟರ್, ಅಂದರೆ ಐದಡಿ ಎರಡಿಂಚು. ತೂಕ 82 ಕಿಲೋ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಡಾಕ್ಟರುಗಳು ಬಿ.ಎಂ.ಐ. ಅನ್ನುತ್ತಾರೆ. ಈಕೆಯದು ಹತ್ತಿರ ಹತ್ತಿರ 33. ಬಹಳಷ್ಟು ಸರ್ಜನ್‌ಗಳು ಇದು 30ರ ಕೆಳಗೆ ಬರಲಿ ಎನ್ನುತ್ತಾರೆ. ಮೇಲಿದ್ದಷ್ಟೂ ಗಾಯ ಬಿಡುವುದು, ನಂಜಾಗುವುದು, ರಕ್ತ ಹೆಪ್ಪುಗಟ್ಟುವುದು ಇವೆಲ್ಲ ಹೆಚ್ಚು.

ಆಕೆಯ ಗುರಿ 64 ಕಿಲೋ ಎಂದಿಟ್ಟುಕೊಳ್ಳಿ. ಇಳಿಸಬೇಕಾದದ್ದು 18 ಕಿಲೋ. ವಾರಕ್ಕೆ ಅರ್ಧ ಕಿಲೋ ಹದವಾದ ವೇಗ. ಅಂದರೆ 36 ವಾರ, ಎಂಟು ತಿಂಗಳ ಮೇಲೆ. ಯುಗಾದಿಗೆ ಶುರುಮಾಡಿದರೆ, ನಡುವೆ ಹಬ್ಬದ ಹೋಳಿಗೆ, ಮದುವೆ ಮನೆ ಊಟ, ಔಟ್‌ಡೋರ್ ಶೂಟಿಂಗ್ ಎಲ್ಲ ಸೇರಿ ಸಂಕ್ರಾಂತಿಯ ಹೊತ್ತಿಗೆ ಗುರಿ ಮುಟ್ಟಬಹುದು.

ಮುಟ್ಟಿದ ಮರುದಿನವೇ ಆಸ್ಪತ್ರೆಗೆ ಓಡಬೇಡಿ. ಈಗ ಕಾಯಬೇಕು! ತೂಕ ಇಳಿಸುವುದು ಒಂದು ಪರೀಕ್ಷೆ, ಇಳಿಸಿದ್ದನ್ನು ಉಳಿಸುವುದು ಇನ್ನೊಂದು. ಆರು ತಿಂಗಳು ತಕ್ಕಡಿಯ ಮುಳ್ಳು ಅಲ್ಲೇ ಅತ್ತಿತ್ತ ಆಡುತ್ತಿರಬೇಕು. ಆ ಅವಧಿಯಲ್ಲಿ ಚರ್ಮವೂ ತನ್ನ ಕೈಲಾದಷ್ಟು ಕುಗ್ಗುತ್ತದೆ. ಚಿಕ್ಕ ವಯಸ್ಸಿನ ಕೆಲವರಿಗೆ ಕನ್ನಡಿ ನೋಡಿಕೊಂಡಾಗ ‘ಅಯ್ಯೋ, ಇಷ್ಟಾದ್ರೆ ಸಾಕು, ಆಪರೇಷನ್ ಯಾಕೆ?’ ಅನ್ನಿಸಿಬಿಡುವುದೂ ಉಂಟು. ಕಾದದ್ದಕ್ಕೆ ಲಾಭ!

ಸಂಕ್ರಾಂತಿಯಿಂದ ಆರು ತಿಂಗಳು ಎಣಿಸಿ. ಆಷಾಢ ಬಂತು. ಆಷಾಢದಲ್ಲಿ ಮುಹೂರ್ತವಿಲ್ಲ, ಮದುವೆಯಿಲ್ಲ, ಚಿತ್ರರಂಗದವರಿಗೂ ಸ್ವಲ್ಪ ಉಸಿರಾಡಲು ಬಿಡುವು. ಆಪರೇಷನ್ನಿಗೆ ಹೇಳಿ ಮಾಡಿಸಿದ ಕಾಲ. ಮೊದಲ ಒಂದೆರಡು ವಾರ ಹೊಲಿಗೆ ಎಳೆಯದಂತೆ ಬೆನ್ನು ಬಗ್ಗಿಸಿಯೇ ನಡೆಯಬೇಕು. ನೀರು ಹೊರಬರಲು ಹಾಕಿದ ಕೊಳವೆ ಕೆಲದಿನ ಜೊತೆಗಿರುತ್ತದೆ. ಸುಮಾರು ಆರು ವಾರ ಹೊಟ್ಟೆಗೆ ಬಿಗಿ ಬೆಲ್ಟು. ಅಷ್ಟೂ ದಿನ ತುಂಬಿದ ಬಿಂದಿಗೆ ಎತ್ತುವಂತಿಲ್ಲ, ಮಗುವನ್ನು ಸೊಂಟಕ್ಕೆ ಏರಿಸುವಂತಿಲ್ಲ. ಗೌರಿ ಗಣೇಶದ ವೇಳೆಗೆ ಡಾಕ್ಟರ ಅಪ್ಪಣೆ ಪಡೆದು ನಿಧಾನಕ್ಕೆ ಕೆಲಸ. ದಸರಾ ಹೊತ್ತಿಗೆ ಕ್ಯಾಮೆರಾ ಮುಂದೆ. ಕುಣಿತ, ಫೈಟು ಏನಿದ್ದರೂ ದೀಪಾವಳಿಗೆ ಇಟ್ಟುಕೊಳ್ಳಿ. ಕೆಂಪಗಿರುವ ಕಲೆ ಮಾಸಲು ವರ್ಷ ಹಿಡಿಯುತ್ತದೆ. ಪೂರ್ತಿ ಮಾಯವಂತೂ ಆಗುವುದಿಲ್ಲ.

ಲೆಕ್ಕ ಹಾಕಿದಿರಾ? ಯುಗಾದಿಯಿಂದ ಮರುವರ್ಷದ ದಸರಾ. ಒಂದೂವರೆ ವರ್ಷದ ದಾರಿ. ‘ಹದಿನೈದು ದಿನದಲ್ಲಿ ಹೊಸ ನೀವು’ ಎಂದು ಜಾಹೀರಾತು ಹಾಕುವವರಿಗೆ ಈ ಲೆಕ್ಕ ತೋರಿಸಿ!

ಅವಸರದ ಇಳಿತ, ಇಂಜೆಕ್ಷನ್ನಿನ ಇಳಿತ

‘ಅರ್ಧ ಕಿಲೋ ಏನ್ ಸಾರ್, ನಾನು ವಾರಕ್ಕೆ ಮೂರು ಕಿಲೋ ಇಳಿಸ್ತೀನಿ’ ಎನ್ನುವ ವೀರರಿದ್ದಾರೆ. ಬರೀ ಸೌತೆಕಾಯಿ, ನಿಂಬೆ ನೀರು ಕುಡಿದು ಇಳಿಸಿದರೆ ಹೋಗುವುದು ಕೊಬ್ಬು ಮಾತ್ರವಲ್ಲ, ಮಾಂಸಖಂಡವೂ ಹೋಗುತ್ತದೆ. ರಕ್ತದಲ್ಲಿ ಕಬ್ಬಿಣ ಇಳಿಯುತ್ತದೆ. ಆಪರೇಷನ್ ಗಾಯ ಮಾಯುವುದು ಪ್ರೋಟೀನಿನಿಂದ. ಉಪವಾಸ ಮಾಡಿ ಸೊರಗಿದ ಮೈಗೆ ಸೊಂಟದುದ್ದದ ಹೊಲಿಗೆ ಹಾಕಿದರೆ ಅದು ಕೂಡುವುದು ಹೇಗೆ? ಆಪರೇಷನ್ನಿನ ಹಿಂದಿನ ವಾರಗಳು ಉಪವಾಸದ ವಾರಗಳಾಗಬಾರದು. ಮೊಳಕೆಕಾಳು, ಹುರುಳಿ, ಬೇಳೆ, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು – ಇವು ಚೆನ್ನಾಗಿ ಹೊಟ್ಟೆಗೆ ಬೀಳಬೇಕು. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ ನೋಡಬೇಕು.

ಜಠರ ಚಿಕ್ಕದು ಮಾಡುವ ಬೇರಿಯಾಟ್ರಿಕ್ ಆಪರೇಷನ್ ಮಾಡಿಸಿಕೊಂಡವರ ಲೆಕ್ಕ ಇನ್ನೂ ಉದ್ದ. ಅವರ ತೂಕ ಒಂದು ವರ್ಷವಾದರೂ ಇಳಿಯುತ್ತಲೇ ಇರುತ್ತದೆ. ಅದಕ್ಕೇ ಟಮ್ಮಿ ಟಕ್‌ಗೆ 12ರಿಂದ 18 ತಿಂಗಳು ಕಾಯಿಸುತ್ತಾರೆ.

ಈಗ ಹೊಸ ಅವತಾರ ಇಂಜೆಕ್ಷನ್ನು. ವಾರಕ್ಕೊಂದು ಚುಚ್ಚಿಕೊಂಡರೆ ಹಸಿವೇ ಇಲ್ಲ! ತೂಕ ಇಳಿಸಲು ಬಳಸುವ ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಇಂಜೆಕ್ಷನ್ನುಗಳು 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಕಾಲಿಟ್ಟವು. ಡಾಕ್ಟರ ಕಣ್ಗಾವಲಿನಲ್ಲಿ ಬೇಕಾದವರು ತೆಗೆದುಕೊಂಡರೆ ಗುಣ ಉಂಟು, ಸುಳ್ಳಲ್ಲ. ಆದರೆ ಎರಡು ವಿಷಯ ನೆನಪಿಡಿ. ಒಂದು, ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ಬಿಟ್ಟು ತೂಗಿ ನೋಡಿದ ಅಧ್ಯಯನದಲ್ಲಿ, ಇಳಿದ ತೂಕದ ಮೂರನೇ ಎರಡು ಭಾಗ ವಾಪಸು ಬಂದಿತ್ತು. ಹಾಗಾಗಿ ಇಂಜೆಕ್ಷನ್ ಮುಂದುವರಿಸುತ್ತೀರೋ, ನಿಲ್ಲಿಸುತ್ತೀರೋ ಎಂಬುದು ತೀರ್ಮಾನವಾಗಿ, ಆಮೇಲೆ ಆರು ತಿಂಗಳು ತೂಕ ನಿಂತರೆ ಮಾತ್ರ ‘ನಿಂತಿದೆ’ ಎನ್ನಿ. ಎರಡು, ಈ ಔಷಧಿ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಹಿಂದಿನ ರಾತ್ರಿಯಿಂದ ಉಪವಾಸವಿದ್ದರೂ ಹೊಟ್ಟೆಯಲ್ಲಿ ಅನ್ನ ಉಳಿದಿರಬಹುದು. ಮತ್ತು ಬಂದಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಹೊಕ್ಕರೆ ಗತಿ? ಆದ್ದರಿಂದ ಮತ್ತು ಕೊಡುವ ಡಾಕ್ಟರಿಗೆ ಇಂಜೆಕ್ಷನ್ ವಿಷಯ ಮುಚ್ಚಿಡಲೇಬೇಡಿ. ಹೀರೋಯಿನ್ ವಯಸ್ಸು ಮುಚ್ಚಿಟ್ಟರೆ ನಡೆಯುತ್ತದೆ, ಇದು ನಡೆಯುವುದಿಲ್ಲ!

ಮಗು ಮೊದಲೋ, ಹೊಟ್ಟೆ ಮೊದಲೋ?

ಮದುವೆಯಾದ ತಾರೆಯರು ಕೇಳುವ ಪ್ರಶ್ನೆ ಇದು. ಉತ್ತರ ಸರಳ. ಇನ್ನೊಂದು ಮಗು ಬೇಕೆನ್ನುವ ಆಸೆಯಿದ್ದರೆ ಮೊದಲು ಮಗು. ಟಮ್ಮಿ ಟಕ್ ಆದ ಮೇಲೆ ಬಸಿರಾದರೆ ತಾಯಿಗಾಗಲಿ ಮಗುವಿಗಾಗಲಿ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಹೊಲಿದ ಸ್ನಾಯು ಮತ್ತೆ ಸರಿಯುತ್ತದೆ, ಚರ್ಮ ಮತ್ತೆ ಹಿಗ್ಗುತ್ತದೆ. ಅಷ್ಟು ನೋವು ತಿಂದು, ಅಷ್ಟು ದುಡ್ಡು ಸುರಿದು ಕಟ್ಟಿಸಿದ ಗೋಡೆಯನ್ನು ನಾವೇ ಒಡೆದ ಹಾಗೆ.

ಹೆರಿಗೆಯಾದ ಕೂಡಲೇ ಓಡುವುದೂ ತಪ್ಪು. ಕನಿಷ್ಠ ಆರು ತಿಂಗಳು ಕಳೆಯಲಿ, ಹಾಲು ಬಿಡಿಸಿ ಆಗಲಿ, ತೂಕ ನೆಲೆಗೆ ಬರಲಿ. ಸರಿದ ಸ್ನಾಯು ವ್ಯಾಯಾಮದಿಂದಲೇ ಎಷ್ಟೋ ಹತ್ತಿರ ಬರುವುದುಂಟು. ಬಾಣಂತನದಲ್ಲಿ ತುಪ್ಪ ಸುರಿದು ಬೆಳೆಸಿದ್ದನ್ನು ಕತ್ತರಿಯಿಂದ ಇಳಿಸುವ ಆತುರ ಬೇಡಮ್ಮಾ.

ಮರೆಯಬಾರದ ಹೆಸರುಗಳು

ಇಲ್ಲಿಯವರೆಗೆ ತಮಾಷೆಯಾಗಿ ಬರೆದೆ. ಈಗ ಬರೆಯುವುದು ತಮಾಷೆಯಲ್ಲ.

2022ರ ಮೇ ತಿಂಗಳು. ಬೆಂಗಳೂರು. ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್. ವಯಸ್ಸು ಬರೀ 21. ‘ಗೀತಾ’, ‘ದೊರೆಸಾನಿ’ ಧಾರಾವಾಹಿಗಳಲ್ಲಿ ನೋಡಿದ್ದ ಮುಖ. ಕೊಬ್ಬು ತೆಗೆಸುವ ಆಪರೇಷನ್ನಿಗೆಂದು ಖಾಸಗಿ ಆಸ್ಪತ್ರೆಗೆ ಸೇರಿದ ಹುಡುಗಿ ಜೀವಂತ ಮನೆಗೆ ಬರಲಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತ್ತೆಂದು ಆಗ ಪತ್ರಿಕೆಗಳಲ್ಲಿ ವರದಿಯಾಯಿತು. ಮಗಳು ಆಪರೇಷನ್ನಿಗೆ ಸೇರಿದ್ದು ತಮಗೆ ತಿಳಿದಿರಲಿಲ್ಲ ಎಂದು ಹೆತ್ತವರು ಅತ್ತರು, ಪೊಲೀಸರಿಗೆ ದೂರು ಕೊಟ್ಟರು.

ಅದಕ್ಕೂ ಮುಂಚೆ, 2015ರ ಜೂನ್ 6ರಂದು, ತೆಲುಗು ಚಿತ್ರರಂಗದಲ್ಲಿ ಒಂದು ಕಾಲಕ್ಕೆ ಮೆರೆದ ಆರತಿ ಅಗರ್‌ವಾಲ್ ಅಮೆರಿಕದ ನ್ಯೂಜೆರ್ಸಿಯಲ್ಲಿ ಉಸಿರಾಟದ ತೊಂದರೆಯಿಂದ ತೀರಿಕೊಂಡರು. ವಯಸ್ಸು 31. ಕೆಲವೇ ವಾರಗಳ ಹಿಂದೆ ಕೊಬ್ಬು ಹೀರಿ ತೆಗೆಯುವ ಚಿಕಿತ್ಸೆ ಮಾಡಿಸಿಕೊಂಡಿದ್ದರೆಂದು ವರದಿಯಾಗಿತ್ತು.

ಈ ಸಾವುಗಳಿಗೆ ಯಾರು ಕಾರಣ ಎಂದು ತೀರ್ಪು ಕೊಡಲು ನಾವು ಯಾರೂ ಅಲ್ಲ. ಇಬ್ಬರದೂ ಟಮ್ಮಿ ಟಕ್ ಅಲ್ಲ, ಕೊಬ್ಬು ತೆಗೆಸುವ ಚಿಕಿತ್ಸೆ ಎಂಬುದೂ ನೆನಪಿರಲಿ. ಕೊಳವೆಯಿಂದ ಕೊಬ್ಬು ಹೀರುವ ಲೈಪೋಸಕ್ಷನ್ ಕೂಡ ತೂಕ ಇಳಿಸುವ ದಾರಿಯಲ್ಲ. ಹೀರುವ ಪ್ರಮಾಣ 5 ಲೀಟರ್ ದಾಟಿದರೆ ಅದನ್ನು ದೊಡ್ಡ ಪ್ರಮಾಣವೆಂದೇ ಎಣಿಸಿ, ರೋಗಿಯನ್ನು ಆಸ್ಪತ್ರೆಯಲ್ಲಿ ಉಳಿಸಿಕೊಂಡು ಕಾಯಬೇಕೆನ್ನುತ್ತದೆ ವೈದ್ಯಶಾಸ್ತ್ರ. ಒಂದೇ ಏಟಿಗೆ ಕೊಬ್ಬೂ ಹೋಗಲಿ, ತೂಕವೂ ಹೋಗಲಿ, ಮುಂದಿನ ವಾರ ಶೂಟಿಂಗೂ ಆಗಲಿ ಎನ್ನುವ ಆಸೆಗೆ ದೇಹ ಒಪ್ಪುವುದಿಲ್ಲ.

ಆ ಆಸೆಯನ್ನು ಹುಟ್ಟಿಸುವವರು ಯಾರು ಎಂಬ ಪ್ರಶ್ನೆ ಮಾತ್ರ ಉಳಿದೇ ಇದೆ. ಅದಕ್ಕೆ ಕೊನೆಗೆ ಬರೋಣ.

ಸಿಗರೇಟು, ಬಸ್ಸು, ಕಾಲುನೋವು

ಕಾಲ ಕೂಡಿಬಂತು, ತೂಕ ನಿಂತಿತು, ಮಕ್ಕಳೂ ಆದರು ಎನ್ನಿ. ಇನ್ನೂ ಕೆಲವು ಲೆಕ್ಕ ಬಾಕಿ ಇದೆ.

ಸಿಗರೇಟು, ಬೀಡಿ, ಹುಕ್ಕಾ, ಗುಟ್ಕಾ – ಎಲ್ಲದರಲ್ಲೂ ಇರುವುದು ನಿಕೋಟಿನ್. ಅದು ಚರ್ಮದ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ. ಅಷ್ಟಗಲ ಎತ್ತಿ ಹೊಲಿದ ಚರ್ಮಕ್ಕೆ ರಕ್ತ ಸಾಲದೆ ಅಂಚು ಕಪ್ಪಾಗಿ ಸಾಯಬಹುದು. ಆಪರೇಷನ್ನಿಗೆ ಕನಿಷ್ಠ ನಾಲ್ಕು ವಾರ ಮುಂಚೆಯೇ ಬಿಡಬೇಕು, ಆದ ಮೇಲೂ ಅಷ್ಟೇ ಕಾಲ ಮುಟ್ಟಬಾರದು. ಬಿಟ್ಟವರು ಮತ್ತೆ ಹಿಡಿಯದಿದ್ದರೆ ಇನ್ನೂ ಒಳ್ಳೆಯದು!

ಎರಡನೆಯದು ರಕ್ತ ಹೆಪ್ಪುಗಟ್ಟುವುದು. ಅಂದ ಹೆಚ್ಚಿಸುವ ಆಪರೇಷನ್ನುಗಳಲ್ಲಿ ಈ ಅಪಾಯ ಹೆಚ್ಚಿರುವುದು ಟಮ್ಮಿ ಟಕ್‌ನಲ್ಲೇ. ಕಾಲಿನಲ್ಲಿ ಕಟ್ಟಿದ ಗಡ್ಡೆ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದಲೇ ನೋವಿದ್ದರೂ ಅಂದೇ ಸಂಜೆಯೋ ಮರುದಿನವೋ ಎಬ್ಬಿಸಿ ನಡೆಸುತ್ತಾರೆ. ಗರ್ಭನಿರೋಧಕ ಮಾತ್ರೆ ನುಂಗುವವರು ಮುಂಚೆಯೇ ಡಾಕ್ಟರಿಗೆ ಹೇಳಬೇಕು. ಶನಿವಾರ ಬೆಂಗಳೂರಿನಲ್ಲಿ ಆಪರೇಷನ್, ಸೋಮವಾರ ರಾತ್ರಿ ಬಸ್ಸಿಗೆ ಹುಬ್ಬಳ್ಳಿ ಎಂದು ಟಿಕೆಟ್ ಬುಕ್ ಮಾಡಿಸಬೇಡಿ. ಕಾಲು ಮಡಚಿ ಎಂಟು ಗಂಟೆ ಕೂರುವುದೇ ಗಡ್ಡೆಗೆ ಆಹ್ವಾನ. ಡಾಕ್ಟರ ಕೈಗೆಟುಕುವಂತೆ ಕೆಲದಿನ ಅಲ್ಲೇ ಇರಿ.

ಮೀನಖಂಡ ನೋವು, ಒಂದೇ ಕಾಲಿನ ಊತ, ಏದುಸಿರು, ಎದೆನೋವು, ಜ್ವರ, ಗಾಯದಿಂದ ಕೀವು – ಇವುಗಳಲ್ಲಿ ಯಾವುದೊಂದು ಕಂಡರೂ ‘ಬೆಳಗ್ಗೆ ನೋಡೋಣ’ ಎನ್ನಬೇಡಿ. ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಮನೆಯವರಿಗೆ ತಿಳಿಸದೆ ಆಪರೇಷನ್ ಮಾಡಿಸಿಕೊಳ್ಳಬಾರದು ಎನ್ನುವುದು ಇದಕ್ಕೇ. ಅಮ್ಮನೋ, ಅಕ್ಕನೋ, ಗಂಡನೋ, ಗೆಳತಿಯೋ – ನಿಮ್ಮ ಏದುಸಿರು ಕೇಳಿಸಿಕೊಳ್ಳಲು ಪಕ್ಕದಲ್ಲಿ ಒಂದು ಜೀವ ಬೇಕು.

ಯಾರ ಕೈಗೆ ಕತ್ತರಿ?

ಬೋರ್ಡು ಎಷ್ಟು ಹೊಳೆಯುತ್ತದೆ, ರಿಸೆಪ್ಷನ್ನಿನಲ್ಲಿ ಯಾವ ನಟಿಯ ಫೋಟೋ ತೂಗುಹಾಕಿದ್ದಾರೆ ಎಂದು ನೋಡಬೇಡಿ. ಡಾಕ್ಟರ ಹೆಸರಿನ ಮುಂದೆ ಪ್ಲಾಸ್ಟಿಕ್ ಸರ್ಜರಿಯ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಇದೆಯೇ? ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಇದೆಯೇ? ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆ, ಕ್ಲಿನಿಕ್ ಯಾವುದೇ ಆದರೂ 2007ರ ಕಾಯ್ದೆಯಂತೆ ನೋಂದಣಿ ಮಾಡಿಸಿರಬೇಕು. ಕೇಳಿ. ಕೇಳೋಕೆ ನಾಚಿಕೆ ಯಾಕೆ? ಮತ್ತು ಕೊಡುವ ಡಾಕ್ಟರು ಬೇರೆ ಇರುತ್ತಾರೋ, ಹೆಚ್ಚುಕಡಿಮೆಯಾದರೆ ಐ.ಸಿ.ಯು. ಅಲ್ಲೇ ಇದೆಯೋ ಎಂದೂ ಕೇಳಿ. ಆರೋಗ್ಯ ವಿಮೆ ಇದೆಯಲ್ಲ ಎಂಬ ಧೈರ್ಯ ಬೇಡ. ಅಂದಕ್ಕಾಗಿ ಮಾಡಿಸುವ ಆಪರೇಷನ್ನಿಗೆ ವಿಮೆ ಕಂಪನಿಗಳು ಸಾಮಾನ್ಯವಾಗಿ ಕಾಸು ಬಿಚ್ಚುವುದಿಲ್ಲ.

ಒಳ್ಳೆಯ ಸರ್ಜನ್ನನ್ನು ಗುರುತಿಸುವ ಒಂದು ಸುಲಭ ಉಪಾಯ ಹೇಳಲೇ? ತೂಕ ಹೆಚ್ಚಿರುವವರು ಹೋಗಿ ‘ಯಾವಾಗ ಮಾಡ್ತೀರಿ ಡಾಕ್ಟ್ರೇ?’ ಎಂದು ಕೇಳಿ. ‘ನಾಳೆ ಬೆಳಿಗ್ಗೆ ಬನ್ನಿ, ಅಡ್ವಾನ್ಸ್ ಕಟ್ಟಿ’ ಅಂದರೆ ನಮಸ್ಕಾರ ಹೇಳಿ ಎದ್ದುಬನ್ನಿ. ‘ಮೊದಲು ತೂಕ ಇಳಿಸಿಕೊಂಡು ಬಾಮ್ಮ, ಆಮೇಲೆ ಆರು ತಿಂಗಳು ನಿಲ್ಲಿಸಿ ತೋರಿಸು’ ಎಂದು ಗದರಿಸಿ ಕಳಿಸುವವರು ಸಿಕ್ಕರೆ, ಅವರೇ ನಿಮ್ಮ ಡಾಕ್ಟರು. ಬಂದ ಕಾಸನ್ನು ಬಿಟ್ಟು ನಿಮ್ಮನ್ನು ಕಾಯಿಸುವವರಿಗೆ ನಿಮ್ಮ ಹೊಟ್ಟೆಗಿಂತ ನಿಮ್ಮ ಜೀವದ ಮೇಲೆ ಕಾಳಜಿ ಎಂದರ್ಥ.

ನಿರ್ಮಾಪಕರೇ, ನಿರ್ದೇಶಕರೇ...

ಉಳಿಸಿಟ್ಟಿದ್ದ ಪ್ರಶ್ನೆಗೆ ಬಂದೆ. ‘ಪಾತ್ರ ನಿಂದೇ ಕಣಮ್ಮ, ಹೊಟ್ಟೆ ಮಾತ್ರ ಸ್ವಲ್ಪ ಇಳಿಸ್ಕೋ. ಮುಂದಿನ ತಿಂಗಳು ಶೂಟಿಂಗು.’ ಹೇಳುವವರಿಗೆ ಇದು ಒಂದು ಸಾಲು. ಕೇಳಿಸಿಕೊಳ್ಳುವ ಹುಡುಗಿಗೆ ಅದು ರಾತ್ರಿಯೆಲ್ಲ ನಿದ್ದೆಗೆಡಿಸುವ ಮಾತು. ಮೂವತ್ತು ದಿನದಲ್ಲಿ ಇಳಿಸುವ ದಾರಿ ಹುಡುಕುತ್ತಾ ಹೋದವಳಿಗೆ ಸಿಗುವ ಬಾಗಿಲುಗಳು ಯಾವುವು ಎಂದು ನಿಮಗೇ ಗೊತ್ತು.

ಸೆಟ್ಟು ಹಾಕಲು ಎರಡು ತಿಂಗಳು ಕಾಯುತ್ತೀರಿ. ಹೀರೋ ಡೇಟ್ಸ್‌ಗೆ ವರ್ಷ ಕಾಯುತ್ತೀರಿ. ಗ್ರಾಫಿಕ್ಸ್‌ಗೆ ಎಷ್ಟು ಬೇಕಾದರೂ ಕಾಯುತ್ತೀರಿ. ಒಬ್ಬ ಕಲಾವಿದೆಯ ಮೈ ತನ್ನ ಹದಕ್ಕೆ ಬರಲು ಅಷ್ಟೇ ಕಾಲ ಕೊಡಬಾರದೇ? ಕಾಲ ಕೊಡಲಾಗದಿದ್ದರೆ ಇದ್ದ ಹಾಗೇ ತೆರೆಯ ಮೇಲೆ ತನ್ನಿ. ಸೆರಗು ಎಳೆದು ನಿಲ್ಲಿಸುವುದು ಕಾಸ್ಟ್ಯೂಮರಿಗೆ ಗೊತ್ತು, ಕೋನ ಬದಲಿಸುವುದು ಕ್ಯಾಮೆರಾಮನ್‌ಗೆ ಗೊತ್ತು. ಅಭಿನಯ ಚೆನ್ನಾಗಿದ್ದರೆ ಸೊಂಟದ ಸುತ್ತಳತೆ ನಾವು ಪ್ರೇಕ್ಷಕರು ಅಳೆಯುವುದಿಲ್ಲ ಸ್ವಾಮಿ, ಆಣೆಗೂ ಇಲ್ಲ!

ತಾರೆಯರಿಗೆ, ತಾರೆಯರಂತಾಗಲು ಆಸೆಪಡುವ ಅಕ್ಕತಂಗಿಯರಿಗೆ ಕೊನೆಯ ಮಾತು ಇಷ್ಟೇ. ಇಳಿಸಿ, ನಿಲ್ಲಿಸಿ, ಆಮೇಲೂ ಬೇಕೆನ್ನಿಸಿದರೆ ಹೊಲಿಸಿ. ಈ ಮೂರು ಕೆಲಸದ ಸಾಲು ತಪ್ಪಿಸಬೇಡಿ. ಅವಸರ ಮಾಡುವವರು ಯಾರೇ ಬರಲಿ, ನಿರ್ಮಾಪಕನಿರಲಿ, ಡಾಕ್ಟರಿರಲಿ, ‘ಸ್ವಲ್ಪ ತಡೀರಿ ಸಾರ್’ ಅನ್ನುವುದನ್ನು ಕಲಿಯಿರಿ. ಪಾತ್ರ ಇವತ್ತು ಕೈತಪ್ಪಿದರೆ ನಾಳೆ ಇನ್ನೊಂದು ಬರುತ್ತದೆ.